ಗಾತೊ ಎಂದರೆ

ನಮ್ಮ ಊರಿನಲ್ಲಿ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದು ಸಲ ಮಂಡಲ ಬರುತ್ತದೆ. ಯಾವಾಗ ಬರುತ್ತದೆಂದು ಹೇಳಲು ಬರುವುದಿಲ್ಲ. ಕನ್ನಡದಲ್ಲಿ ಬೈದುಕೊಂಡು ಮಲಗಿದವರು ಬೆಳಿಗ್ಗೆ ಎದ್ದು ಯಾವುದೋ ದೇಶದ ಮಾತಿನಲ್ಲಿ ನೀರು ಕೇಳುತ್ತಾರೆ. ಅಲ್ಲಿಂದ ನಲವತ್ತೆಂಟು ದಿನ ಅವರಿಗೆ ಕನ್ನಡ ಬಾಯಲ್ಲೂ ಇರುವುದಿಲ್ಲ, ಕಿವಿಯಲ್ಲೂ ಇರುವುದಿಲ್ಲ. ನಲವತ್ತೊಂಬತ್ತನೆಯ ಬೆಳಿಗ್ಗೆ ನಮ್ಮ ಮಾತು ವಾಪಸು ಬರುತ್ತದೆ, ಆ ಮಾತು ಹೊರಟುಹೋಗುತ್ತದೆ. ನಡೆದದ್ದೆಲ್ಲ ನೆನಪಿರುತ್ತದೆ, ಯಾರಿಗೆ ಏನು ಹೇಳಿದೆ ಎಂಬುದೂ ನೆನಪಿರುತ್ತದೆ. ಯಾವ ಶಬ್ದದಲ್ಲಿ ಹೇಳಿದೆ ಎಂಬುದು ಮಾತ್ರ ಅಳಿಸಿಹೋಗಿರುತ್ತದೆ. ನನಗೆ ಒಂಬತ್ತನೇ ವಯಸ್ಸಿಗೇ ಬಂದು ಹೋಗಿತ್ತು. ದೊಡ್ಡವರಿಗೆ ಬಂದರೆ ಕಷ್ಟ. ಆದರೂ ಊರು ಅದಕ್ಕೆ ಹೊಂದಿಕೊಂಡಿದೆ. ಅಂಗಡಿಗಳ ಬೋರ್ಡಿನಲ್ಲಿ ಅಕ್ಕಿ, ಎಣ್ಣೆ, ಸೋಪಿನ ಚಿತ್ರ ಬರೆಸಿರುತ್ತಾರೆ. ಮಂಡಲದವರ ಅಂಗಿಗೆ ಒಂದು ತಗಡಿನ ಬಿಲ್ಲೆ ಚುಚ್ಚಿರುತ್ತಾರೆ, ಅದರ ಮೇಲೆ ಬಂದ ಭಾಷೆಯ ಹೆಸರು. ಹುಡುಗಿಗೆ ಮಂಡಲ ಬಂತೆಂದು ಮದುವೆ ಮುಂದೆ ಹಾಕಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನನ್ನ ಗಂಡನ ಹೆಸರು ಶಿವನಂಜ. ಬೈಪಾಸಿನ ಪಕ್ಕ ರಹಮತಣ್ಣನ ಜೊತೆ ಪಾಲಿನಲ್ಲಿ ಲಾರಿ ಗ್ಯಾರೇಜು ಇಟ್ಟುಕೊಂಡಿದ್ದರು. ಅದೇ ಶೆಡ್ಡಿನ ಒಂದು ಮೂಲೆಯಲ್ಲಿ ನಾನು ಹೊಲಿಗೆ ಮಿಷನ್ನು ಹಾಕಿಕೊಂಡು ಲಾರಿಯ ಟಾರ್ಪಾಲು ಹೊಲಿಯುತ್ತಿದ್ದೆ. ಮದುವೆಯಾಗಿ ಹದಿನಾರು ವರ್ಷ, ಮಕ್ಕಳಿಲ್ಲ. ಅವರು ಕೆಟ್ಟವರಲ್ಲ, ಆದರೆ ನನ್ನ ಜೊತೆ ಅವರಿಗಿದ್ದ ಮಾತೇ ಕಡಿಮೆ. ಲೇ ಊಟ, ಲೇ ಚಾವಿ, ಲೇ ಎಲ್ಲಿ ಸತ್ತೆ. ಇಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ಎರಡು ವರ್ಷದ ಹಿಂದೆ ಒಬ್ಬ ಡ್ರೈವರ್ ಮುಂದೆ ನನ್ನ ಕೆನ್ನೆಗೆ ಹೊಡೆದರು. ಟಾರ್ಪಾಲಿನ ಅಳತೆ ತಪ್ಪಿತ್ತು, ಅಷ್ಟೆ. ನಾನು ಅಕ್ಕನ ಮನೆಗೆ ಹೋಗಿ ಒಂದು ತಿಂಗಳು ಇದ್ದೆ. ರಹಮತಣ್ಣ ಬಂದು ಕರೆದುಕೊಂಡು ಹೋದರು. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ನಾನು ಮರೆತೆ ಅಂತ ಅವರು ತಿಳಿದರೇನೋ, ಅವರು ಮರೆತರು ಅಂತ ನಾನು ತಿಳಿದೆ.

ಒಂದು ಗುರುವಾರ ಬೆಳಿಗ್ಗೆ ಅವರು ಹಾಸಿಗೆಯಲ್ಲಿ ಎದ್ದು ಕುಳಿತು "ಆಗ್ವಾ" ಎಂದರು. ನಾನು ಬಿಟ್ಟಕಣ್ಣು ಬಿಟ್ಟುಕೊಂಡು ನೋಡಿದೆ. ಅವರೂ ನನ್ನನ್ನು ಹಾಗೇ ನೋಡಿದರು. ಎಂಟು ಗಂಟೆಗೆಲ್ಲ ಅವರನ್ನು ಕರೆದುಕೊಂಡು ಭಾಷಾ ಕೋಣೆಗೆ ಹೋದೆ. ಅದು ಪುರಸಭೆಯ ಹಿಂದುಗಡೆ ಇರುವ ಎರಡು ಕೋಣೆಯ ಕಟ್ಟಡ. ಕಾತ್ಯಾಯಿನಿ ಮೇಡಂ ಅಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ. ಅವರು ಯಜಮಾನರ ಬಾಯಿಂದ ನಾಲ್ಕು ಮಾತು ಕೇಳಿ ಸ್ಪ್ಯಾನಿಷ್ ಎಂದರು, ಬಿಲ್ಲೆ ಚುಚ್ಚಿದರು, ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದರು. ಅಲ್ಲಿಯ ಪುಸ್ತಕಗಳೆಲ್ಲ ಕೈಬರಹದವು. ಹಿಂದೆ ಯಾರ ಮನೆಗೆ ಆ ಭಾಷೆ ಬಂದಿತ್ತೋ ಆ ಮನೆಯವರು ಕಿವಿಗೆ ಬಿದ್ದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದು, ಎದುರಿಗೆ ಅರ್ಥ ಬರೆದಿಟ್ಟಿದ್ದು. ಸ್ಪ್ಯಾನಿಷ್ ನಮ್ಮ ಊರಿಗೆ ಒಂಬತ್ತು ಸಲ ಬಂದಿತ್ತಂತೆ. ಪುಸ್ತಕದ ತುಂಬ ಒಂಬತ್ತು ಮನೆಯ ಕೈಬರಹ.

ಪುಸ್ತಕ ಕೋಣೆಯಿಂದ ಹೊರಗೆ ಹೋಗುವ ಹಾಗಿಲ್ಲ. ಬೇಕಾದ್ದನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಬೇಕು. ನಾನು ಐದು ದಿನ ಮಧ್ಯಾಹ್ನ ಹೋಗಿ ಕುಳಿತು ಬರೆದೆ. ಮನೆಯಲ್ಲಿ ಬಳಸುವ ವಸ್ತುಗಳ ಹೆಸರು ಸಾಕು ಎಂದು ಲೆಕ್ಕ ಹಾಕಿದ್ದೆ. ಪಾನ್ ಎಂದರೆ ರೊಟ್ಟಿ, ಸಾಲ್ ಎಂದರೆ ಉಪ್ಪು, ಮಾನೊ ಎಂದರೆ ಕೈ. ಕಾಮಾ ಎಂದರೆ ಹಾಸಿಗೆ ಎಂದು ಬರೆಯುವಾಗ ನಾನೂ ಮೇಡಮ್ಮೂ ಮುಖ ಮುಖ ನೋಡಿಕೊಂಡು ನಕ್ಕಿದ್ದೇ ನಕ್ಕಿದ್ದು. ಒಂದೊಂದು ಶಬ್ದಕ್ಕೆ ನಾಲ್ಕು, ಐದು ಅರ್ಥ ಇರುತ್ತಿದ್ದವು. ನಾನು ಮೇಲಿನದೊಂದನ್ನು ಬರೆದು ಮುಂದಕ್ಕೆ ಹೋಗುತ್ತಿದ್ದೆ.

"ಪೂರ್ತಿ ಬರ್ಕೊಳಮ್ಮ," ಎಂದರು ಮೇಡಂ ಒಂದು ದಿನ. "ಕೆಳಗಡೆ ಇರೋದನ್ನೂ ಯಾರೋ ಕಷ್ಟಪಟ್ಟೇ ಬರ್ದಿದ್ದಾರೆ."

"ಐದಕ್ಕೆ ಬಾಗಿಲು ಹಾಕ್ತೀರ ಮೇಡಂ. ಒಂದೊಂದು ಅರ್ಥ ಗೊತ್ತಾದ್ರೆ ಸಾಕು, ಸಂಸಾರ ನಡೀತದೆ," ಎಂದೆ ನಾನು.

ಸಂಸಾರ ನಡೆಯಿತು. ಹಿಂದೆಂದೂ ನಡೆಯದ ಹಾಗೆ ನಡೆಯಿತು. ಎಲ್ಲ ಮಾತು ಹೋದರೂ ಹೆಸರುಗಳು ಹೋಗುವುದಿಲ್ಲ, ಅದು ಮಂಡಲದ ರೀತಿ. ಲೇ ಎನ್ನುವುದು ಅವರ ಬಾಯಿಂದ ಹೋಗಿತ್ತು. ನನ್ನನ್ನು ಕರೆಯಬೇಕಾದರೆ ಹೆಸರು ಹಿಡಿದೇ ಕರೆಯಬೇಕು. ಹದಿನಾರು ವರ್ಷದಲ್ಲಿ ಮೊದಲನೇ ಸಲ ಅವರು "ದೇವೀರಿ" ಎಂದಾಗ ನಾನು ಯಾರನ್ನೋ ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದೆ.

ಗ್ಯಾರೇಜಿಗೆ ಒಂದು ಬೆಕ್ಕು ಬರುತ್ತಿತ್ತು. ಬಿಳಿ ಮೈ, ಒಂದು ಕಿವಿ ಹರಿದಿತ್ತು. ಮಂಡಲ ಬಂದ ಮೊದಲ ವಾರ ನಾವಿಬ್ಬರೂ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದಾಗ ಅದು ಬಂದು ನನ್ನ ಮಂಡಿಗೆ ಮೈ ಉಜ್ಜಿತು. ಅವರು ಅದನ್ನು ತೋರಿಸಿ "ಗಾತೊ" ಎಂದರು. ನಾನು ನೋಟ್‌ಬುಕ್ ತೆಗೆದು ನೋಡಿದೆ. ಬೆಕ್ಕು ಎಂದೇ ಬರೆದಿತ್ತು. "ಗಾತೊ" ಎಂದೆ. ಅವರು ತಲೆ ಅಲ್ಲಾಡಿಸಿ, "ಗಾಆತೊ" ಎಂದು ಎಳೆದು ತಿದ್ದಿದರು. ನಾನು ಇನ್ನೂ ಎಳೆದೆ. ಅವರು ನಕ್ಕರು. ಆ ನಗುವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆ ದಿನಕ್ಕೊಂದು ಸಲ ಅದು ನಮ್ಮ ಆಟವಾಯಿತು. ಬೆಕ್ಕು ಬಂದರೆ ಅವರು ನನ್ನ ಹೆಸರು ಹಿಡಿದು ಕೂಗಿ "ಗಾತೊ" ಎನ್ನುವುದು, ನಾನು ಅದನ್ನು ಎತ್ತಿಕೊಂಡು ಮೂಳೆ ಹಾಕುವುದು. ಮಂಡಲ ಮುಗಿಯದಿದ್ದರೆ ಚೆನ್ನಾಗಿತ್ತು ಎಂದು ಒಂದು ದಿನ ಅನ್ನಿಸಿ, ಎಂಥ ಯೋಚನೆ ಮಾಡಿದೆ ಎಂದು ನನಗೇ ನಾಚಿಕೆಯಾಯಿತು.

ಮೂವತ್ತೇಳನೆಯ ದಿನ ಶುಕ್ರವಾರ. ಮಧ್ಯಾಹ್ನ ರಹಮತಣ್ಣ ನಮಾಜಿಗೆ ಹೋದರು. ಯಜಮಾನರು ಮುಂಭಾಗ ಮೇಲೆತ್ತಿ ನಿಲ್ಲಿಸಿದ್ದ ಒಂದು ಹತ್ತು ಚಕ್ರದ ಲಾರಿಯ ಅಡಿಗೆ ಅಂಗಾತ ಮಲಗಿ ಗೇರ್‌ಬಾಕ್ಸ್ ಬಿಚ್ಚುತ್ತಿದ್ದರು. ನಾನು ಮಿಷನ್ನಿನ ಮುಂದೆ ಇದ್ದೆ.

"ದೇವೀರಿ, ಗಾತೊ," ಎಂದು ಕೂಗಿದರು.

ನೋಡಿದರೆ ಬೆಕ್ಕು ಹಿಂದಿನ ಚಕ್ರದ ನೆರಳಿನಲ್ಲಿ ಕುಳಿತು ಕಾಲು ನೆಕ್ಕುತ್ತಿತ್ತು. ನಾನು ಎದ್ದು ಹೋಗಿ ಬಗ್ಗಿ ನೋಡಿದೆ. ಅವರ ಎರಡೂ ಕೈ ಮೇಲಕ್ಕಿತ್ತು, ಬಿಚ್ಚಿದ ಗೇರ್‌ಬಾಕ್ಸ್ ಎದೆಯ ಮೇಲೆ ಅರ್ಧ ಒರಗಿತ್ತು, ಅದನ್ನು ಹಿಡಿದುಕೊಂಡಿದ್ದರು. ಮುಖದ ತುಂಬ ಬೆವರು. ಯಾವತ್ತೂ ಅವರು ಹೀಗೇ ಇರುತ್ತಾರೆ ಅಂದುಕೊಂಡೆ. "ಗಾತೊ," ಎಂದರು ಮತ್ತೆ, "ಬಾಹಾ, ಬಾಹಾ." ಎರಡನೆಯ ಮಾತು ನನ್ನ ನೋಟ್‌ಬುಕ್ಕಿನಲ್ಲಿರಲಿಲ್ಲ. ಬೆಕ್ಕಿಗೆ ಪೆಟ್ಟಾಗುತ್ತದೆ, ತೆಗೆದುಕೊಂಡು ಹೋಗು ಎನ್ನುತ್ತಿದ್ದಾರೆ ಎಂದು ತಿಳಿದೆ. "ಗಾಆತೊ" ಎಂದು ಎಳೆದು ಹೇಳಿ ನಕ್ಕೆ. ಬೆಕ್ಕನ್ನು ಎತ್ತಿಕೊಂಡು ಶೆಡ್ಡಿನ ಹಿಂದಕ್ಕೆ ಹೋದೆ. ಬುತ್ತಿಯಲ್ಲಿ ಉಳಿದಿದ್ದ ಮೂಳೆ ಹಾಕಿದೆ. ಅವರು ಇನ್ನೆರಡು ಸಲ ಕೂಗಿದರು, ಜೋರಾಗಿ. "ಎತ್ಕೊಂಡು ಬಂದೆ ಕಣ್ರೀ, ಇಲ್ಲಿದೆ," ಎಂದು ನಾನೂ ಅಲ್ಲಿಂದಲೇ ಕೂಗಿದೆ.

ಸದ್ದು ದೊಡ್ಡದಾಗಿರಲಿಲ್ಲ. ಸಿಮೆಂಟಿನ ಚೀಲ ಇಳಿಸಿದ ಹಾಗೆ ಒಂದು ಸದ್ದು. ಬೆಕ್ಕು ಮೂಳೆ ಬಿಟ್ಟು ಓಡಿತು.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಅಡಿಗೆ ಕೊಟ್ಟಿದ್ದ ಜಾಕು ಇಳಿದು ಲಾರಿಯ ಮುಂಭಾಗ ಕೆಳಗೆ ಕೂತಿತ್ತು. ಅವರ ಬಲಗಡೆಯ ತೊಡೆ ಎಲ್ಲಿ ಮುಗಿದಿದೆ, ಕಬ್ಬಿಣ ಎಲ್ಲಿ ಶುರುವಾಗಿದೆ ಎಂದು ತಿಳಿಯುತ್ತಿರಲಿಲ್ಲ. ಅವರು ಕಿರುಚುತ್ತಿರಲಿಲ್ಲ, ಕಣ್ಣು ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ರಸ್ತೆಗೆ ಓಡಿ ಎರಡೂ ಕೈ ಎತ್ತಿ ಒಂದು ಲಾರಿಗೆ ಅಡ್ಡ ನಿಂತೆ. ಜನ ಬಂದರು. ರಹಮತಣ್ಣನೂ ಟೋಪಿ ಹಾಕಿಕೊಂಡ ಹಾಗೇ ಓಡಿ ಬಂದರು. ನನ್ನ ಮಿಷನ್ನಿನ ಹತ್ತಿರ ಇನ್ನೊಂದು ಜಾಕು ಬಿದ್ದಿತ್ತು. ಅದರ ಮೇಲೆ ನಾನು ದಿನವೂ ಎಡಗಾಲು ಇಟ್ಟುಕೊಂಡು ಹೊಲಿಯುತ್ತಿದ್ದೆ. ಅದನ್ನು ಎಳೆದುಕೊಂಡು ಹೋಗಿ ಅಡಿಗೆ ಕೊಟ್ಟು ಲಾರಿ ಎತ್ತಿದರು. ನಾಲ್ಕು ಸಲ ಹಿಡಿ ಒತ್ತಿದ್ದಕ್ಕೆ ಲಾರಿ ಎದ್ದಿತು. ಅಷ್ಟೇ ಕೆಲಸ.

ಆಸ್ಪತ್ರೆಯ ವರಾಂಡದಲ್ಲಿ ರಹಮತಣ್ಣ ನನ್ನ ಪಕ್ಕ ಕುಳಿತರು. ಅವರ ಅಂಗಿಯೆಲ್ಲ ರಕ್ತವಾಗಿತ್ತು.

"ದಿಮ್ಮಿ ಇಡೋದು ನನ್ನ ಕೆಲಸ, ತಂಗಿ," ಎಂದರು. "ಜಾಕು ನಂಬಿ ಯಾರೂ ಅಡಿಗೆ ಹೋಗಲ್ಲ, ಮರದ ದಿಮ್ಮಿ ಕೊಟ್ಟೇ ಹೋಗೋದು. ನಮಾಜಿಗೆ ಹೊತ್ತಾಯ್ತು ಅಂತ ಬಂದ್ಮೇಲೆ ಇಡೋಣ ಅಂತ ಹೋದೆ. ಅವನು ಕೆಲಸ ಶುರು ಮಾಡಲ್ಲ ಅಂತ ತಿಳ್ಕೊಂಡಿದ್ದೆ. ನಾನು ಬರೋವರ್ಗೂ ಇರು ಅಂತ ಹೇಳೋಕೆ ನನಗೆ ಅವನ ಮಾತು ಬರಲ್ಲ." ಆಮೇಲೆ ಕೇಳಿದರು, "ಅವನು ಏನೂ ಕೂಗಲಿಲ್ವಾ? ಜಾಕಿನ ಎಣ್ಣೆ ಸೋರಿದೆ. ಅದು ಒಂದೇ ಸಲ ಇಳಿಯಲ್ಲ, ಮೆಲ್ಲಗೆ ಇಳೀತದೆ. ಅವನಿಗೆ ಕಾಣ್ತಿರತ್ತೆ."

"ಬೆಕ್ಕಿನ ವಿಷಯ ಕೂಗಿದ್ರು," ಎಂದೆ. "ಗಾತೊ ಗಾತೊ ಅಂತ."

ರಹಮತಣ್ಣ ನನ್ನ ಕಡೆ ತಿರುಗಿದರು. "ಗಾತೊ ಅಂದ್ರೆ ಜಾಕಲ್ವಾ?"

"ಬೆಕ್ಕು," ಎಂದೆ ನಾನು.

"ಇಲ್ಲಮ್ಮ. ದಿನಾ ನನ್ನ ಹತ್ರ ಕೇಳ್ತಿದ್ದ. ಗಾತೊ ಅಂದು ಕೈ ಚಾಚೋನು. ನಾನು ಜಾಕು ಕೊಡ್ತಿದ್ದೆ. ಇಷ್ಟು ದಿನದಿಂದ ಕೊಡ್ತಾ ಇದ್ದೀನಿ."

ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಅವರು ಮತ್ತೇನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಒಂದೇ ಶೆಡ್ಡಿನಲ್ಲಿ, ಹತ್ತು ಅಡಿ ದೂರದಲ್ಲಿ, ಅದೇ ಶಬ್ದಕ್ಕೆ ಅವರು ಜಾಕು ಕೊಡುತ್ತಿದ್ದರು, ನಾನು ಬೆಕ್ಕು ಎತ್ತುತ್ತಿದ್ದೆ. ಒಂದು ದಿನವೂ ನಾವಿಬ್ಬರೂ ಅದನ್ನು ಮಾತಾಡಿಕೊಂಡಿರಲಿಲ್ಲ.

ಮಾರನೆಯ ದಿನ ಅವರ ಬಲಗಾಲನ್ನು ತೊಡೆಯ ಮಧ್ಯದಿಂದ ತೆಗೆದರು. ಸೋಮವಾರ ಭಾಷಾ ಕೋಣೆ ತೆರೆಯುವ ಮೊದಲೇ ನಾನು ಬಾಗಿಲಲ್ಲಿ ನಿಂತಿದ್ದೆ. ಕಾತ್ಯಾಯಿನಿ ಮೇಡಂಗೆ ವಿಷಯ ಗೊತ್ತಾಗಿತ್ತು. ಅವರೇನೂ ಕೇಳದೆ ಪುಸ್ತಕ ತೆಗೆದು ಆ ಪುಟ ತಿರುಗಿಸಿದರು. ಮೊದಲ ಸಾಲಿನಲ್ಲಿ ದುಂಡಗಿನ ಅಕ್ಷರದಲ್ಲಿ ಬೆಕ್ಕು ಎಂದಿತ್ತು. ನಾನು ಬರೆದುಕೊಂಡದ್ದು ಅದೇ. ಅದರ ಕೆಳಗೆ ಬೇರೆ ಕೈಬರಹದಲ್ಲಿ: ಜಾಕು, ಗಾಡಿಯ ಅಡಿಗೆ ಕೊಟ್ಟು ಭಾರ ಎತ್ತುವುದು. ಅದರ ಕೆಳಗೆ: ಬಡಗಿಯವರು ಹಲಗೆ ಬಿಗಿ ಹಿಡಿಯುವ ಹಿಡಿಕೆ. ಅದರ ಕೆಳಗೆ: ಒಂದು ಬಗೆಯ ಕುಣಿತ, ನಮ್ಮತ್ತೆ ಎರಡು ಸಲ ಕುಣಿದು ತೋರಿಸಿದರು. ನಾಲ್ಕೇ ಸಾಲು. ಬೆರಳಿನ ಅಗಲದಲ್ಲಿ ನಾಲ್ಕೂ ಮುಚ್ಚಿಹೋಗುತ್ತಿದ್ದವು.

"ಬಾಹಾ ಅಂದ್ರೆ ಏನು ಮೇಡಂ?" ಎಂದೆ.

ಅವರು ಬಹಳ ಹೊತ್ತು ಹುಡುಕಿದರು. ಸಿಕ್ಕಿದ ಮೇಲೂ ತಕ್ಷಣ ಓದಲಿಲ್ಲ. "ಇಳೀತಿದೆ ಅಂತ," ಎಂದರು ಕೊನೆಗೆ.

ನಾನು ಬೆಂಚಿನ ಮೇಲೆ ಕುಳಿತೆ. ಜಾಕು ಇಳಿಯುತ್ತಿದೆ, ಜಾಕು ಇಳಿಯುತ್ತಿದೆ ಎಂದು ಹೆಸರು ಹಿಡಿದು ಕೂಗಿದವರಿಗೆ ನಾನು ನಕ್ಕು ಹೋಗಿದ್ದೆ. ಅಳು ಬರಲಿಲ್ಲ. ಮೇಡಂ ನೀರು ಕೊಟ್ಟರು, ಕುಡಿದೆನೋ ಇಲ್ಲವೋ. ಹೊರಡುವಾಗ ಇನ್ನೊಂದು ಶಬ್ದ ಕೇಳಿ ಬರೆದುಕೊಂಡೆ. ಪೆರ್ದೊನ್. ತಪ್ಪಾಯಿತು, ಕ್ಷಮಿಸು.

ಆಸ್ಪತ್ರೆಗೆ ಹೋಗಿ ಅವರ ಮಂಚದ ಪಕ್ಕ ನಿಂತೆ. ಅವರಿಗೆ ಎಚ್ಚರವಿತ್ತು. ನನಗೆ ವಾಕ್ಯ ಕಟ್ಟಲು ಬರುವುದಿಲ್ಲ, ಬರೀ ಶಬ್ದ ಬರುತ್ತದೆ. ಆ ಶಬ್ದದ ಎರಡೂ ಅರ್ಥ ಗೊತ್ತಿರುವವರು ಅವರು. ಹೇಳಿದರೆ ಅವರಿಗೆ ತಿಳಿದೇ ತಿಳಿಯುತ್ತದೆ ಎಂದುಕೊಂಡೆ. ಎದೆ ಮುಟ್ಟಿಕೊಂಡು "ಗಾತೊ" ಎಂದೆ. "ಗಾತೊ. ಪೆರ್ದೊನ್. ಪೆರ್ದೊನ್."

ಅವರ ಮುಖದಲ್ಲಿ ರಕ್ತವೇ ಇಲ್ಲದ ಹಾಗಾಯಿತು. ನನ್ನನ್ನು ಒಂದು ಸಲ ನೋಡಿ "ಪೊರ್ ಕೇ" ಎಂದರು, ಮುಖ ಗೋಡೆಗೆ ತಿರುಗಿಸಿದರು. ಆ ಮಾತನ್ನು ಮೇಡಂ ಹತ್ತಿರ ಕೇಳಿದೆ. ಯಾಕೆ ಎಂದು ಅರ್ಥ. ನನಗೇ ಯಾಕೆ ಹೀಗಾಯಿತು ಎಂದು ದೇವರನ್ನು ಕೇಳುತ್ತಿದ್ದಾರೆ ಎಂದುಕೊಂಡೆ. ಆವತ್ತಿನಿಂದ ಅವರು ನನ್ನ ಕೈಯಿಂದ ಗಂಜಿ ಕುಡಿಯಲಿಲ್ಲ. ನರ್ಸ್ ಕೊಟ್ಟರೆ ಕುಡಿಯುತ್ತಿದ್ದರು. ನಾನು ಮಂಚದ ಹತ್ತಿರ ಹೋದರೆ ಅವರ ಕಣ್ಣು ನನ್ನ ಕೈಯನ್ನೇ ಹಿಂಬಾಲಿಸುತ್ತಿತ್ತು. ದಡ್ಡತನಕ್ಕೆ ಸಿಟ್ಟು ಮಾಡಿಕೊಂಡಿದ್ದಾರೆ, ಮಾಡಿಕೊಳ್ಳಲಿ, ಹಕ್ಕಿದೆ ಎಂದು ಸುಮ್ಮನಾದೆ.

ನಲವತ್ತೊಂಬತ್ತನೆಯ ಬೆಳಿಗ್ಗೆ ಅವರು ಎದ್ದಾಗ ನಾನು ಕಿಟಕಿಯ ಹತ್ತಿರ ಪಾತ್ರೆ ತೊಳೆದಿಡುತ್ತಿದ್ದೆ. ರಹಮತಣ್ಣ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದರು.

"ನೀರು ಕೊಡು," ಎಂದರು. ಕನ್ನಡ.

ಕೊಟ್ಟೆ. ಲೋಟ ಕೈಯಲ್ಲಿ ಹಿಡಿದುಕೊಂಡು ಕುಡಿಯದೆ ಕೇಳಿದರು, "ಮನೆಗೆ ಹೋದ್ಮೇಲೆ ಏನ್ಮಾಡ್ತೀಯ ನನ್ನ?"

"ಏನ್ಮಾಡೋದು, ನೋಡ್ಕೊಳ್ಳೋದು."

"ಅರ್ಧಕ್ಕೆ ಬುಟ್ಟಿದ್ದೀಯಲ್ಲ, ಅದಕ್ಕೆ ಕೇಳ್ದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಜಾಕು ಇಳೀತಾದೆ ಅಂತ ನಾಕು ಸಲ ಹೇಳ್ದೆ. ನೀನು ಬಗ್ಗಿ ನನ್ನ ಮುಖ ನೋಡ್ದೆ. ಜಾಕು ಅಂತ ನನ್ನನ್ನೇ ಅಣಕಿಸಿ, ನಕ್ಕು, ಹೊಂಟೋದೆ. ಆಮೇಲೆ ಇಲ್ಲಿ ಬಂದು ನೀನೇ ಹೇಳ್ದೆ, ಜಾಕು, ತಪ್ಪಾಯ್ತು, ತಪ್ಪಾಯ್ತು ಅಂತ. ಯಾಕೆ ಅಂತ ಕೇಳ್ದೆ, ಉತ್ತರ ಕೊಡ್ಲಿಲ್ಲ."

ನನ್ನ ಕೈಯಲ್ಲಿದ್ದ ಪಾತ್ರೆ ಎಲ್ಲಿಟ್ಟೆನೋ ಗೊತ್ತಿಲ್ಲ. ಹನ್ನೊಂದು ದಿನದಿಂದ ಈ ಮನುಷ್ಯ ತನ್ನನ್ನು ಕೊಲ್ಲಲು ಹೊರಟ ಹೆಂಡತಿಯ ಕಣ್ಣೆದುರು ಕಾಲಿಲ್ಲದೆ ಮಲಗಿದ್ದ. ಕೂಗಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ನಾನು ಗಂಜಿಯ ಲೋಟ ಹಿಡಿದುಕೊಂಡು ಹತ್ತಿರ ಬಂದಾಗಲೆಲ್ಲ ಅವರು ಏನು ಅಂದುಕೊಂಡಿರಬೇಕು.

"ಆವತ್ತಿಂದ ಯೋಚ್ನೆ ಮಾಡ್ತಾ ಇದೀನಿ," ಎಂದರು ಅವರು. "ಮೊದಮೊದಲು ಹೆದರಿಕೆ ಆಯ್ತು. ಆಮೇಲೆ ಅಂದ್ಕಂಡೆ, ಇವಳಿಗೆ ಸಾಕಾಗಿದೆ. ಡ್ರೈವರ್ ಮುಂದೆ ಹೊಡ್ದಿದ್ನಲ್ಲ, ಅದನ್ನ ಇಟ್ಕಂಡಿದ್ದಾಳೆ. ನ್ಯಾಯವಾಗೇ ಅದೆ ಅನ್ನಿಸ್ತು."

ನ್ಯಾಯವಾಗೇ ಇದೆ ಎಂದರಲ್ಲ, ಲಾರಿ ಬಿದ್ದ ಸದ್ದಿಗಿಂತ ಅದು ನನ್ನನ್ನು ಹೆಚ್ಚು ನಡುಗಿಸಿತು. ರಹಮತಣ್ಣನೇ ಎದ್ದು ಬಂದು, "ನಂಜ, ಹಾಗಲ್ಲ ಕಣೋ, ಗಾತೊ ಅಂದ್ರೆ ಬೆಕ್ಕು ಅಂತಲೂ ಆಗತ್ತಂತೆ, ಅವಳು ಬೆಕ್ಕು ಅಂತ ತಿಳ್ಕೊಂಡಳು," ಎಂದು ಎಲ್ಲವನ್ನೂ ಹೇಳಿದರು. ದಿಮ್ಮಿಯ ವಿಷಯವನ್ನೂ ಬಿಡದೆ ಹೇಳಿದರು.

"ಗಾತೊ," ಎಂದು ಯಜಮಾನರು ನಿಧಾನವಾಗಿ ಹೇಳಿ ನೋಡಿದರು. ಅದು ಅವರ ಬಾಯಿಗೆ ಹೊಸದಾಗಿತ್ತು. ಗುರುತೇ ಸಿಗಲಿಲ್ಲ. "ನಾನು ಇಂಗಂದೇನಾ?"

"ಹೂಂ," ಎಂದೆ.

"ನಾನು ಜಾಕು ಅಂದಿದ್ದು."

"ಅದಕ್ಕೂ ಅದೇ. ಎರಡಕ್ಕೂ ಅದೇ ಮಾತು."

"ಅಲ್ಲೆಲ್ಲಿತ್ತು ಬೆಕ್ಕು? ನನಗೆ ಕಾಣ್ಲಿಲ್ಲ."

"ಹಿಂದಿನ ಚಕ್ರದ ಹತ್ರ."

ಅವರು ನನ್ನನ್ನೂ ರಹಮತಣ್ಣನನ್ನೂ ನೋಡಿದರು. ನಂಬಿದ ಹಾಗೆ ಕಾಣಲಿಲ್ಲ. ನಂಬುವುದಾದರೂ ಹೇಗೆ? ಸಾಕ್ಷಿ ಹೇಳಬೇಕಾದ ಶಬ್ದ ಅವರ ಬಾಯಿಂದಲೇ ಹೊರಟುಹೋಗಿತ್ತು. ನಮ್ಮಿಬ್ಬರ ಬಾಯಿಮಾತು ಬಿಟ್ಟರೆ ಅವರ ಮುಂದೆ ಬೇರೇನೂ ಇರಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ದಿನ ಅವರು ಮನೆಗೆ ಹೋಗಲು ಒಪ್ಪಲಿಲ್ಲ. "ಮೊದ್ಲು ಆ ಪುಸ್ತಕ ನೋಡ್ಬೇಕು," ಎಂದರು. ರಹಮತಣ್ಣ ಆಟೋ ತಂದರು. ಭಾಷಾ ಕೋಣೆಗೆ ಮೂರು ಮೆಟ್ಟಿಲಿದೆ, ಊರುಗೋಲು ಅಭ್ಯಾಸವಿಲ್ಲ, ಅವರು ಹತ್ತಲಾರರು. ಪುಸ್ತಕ ಹೊರಗೆ ತರುವ ಹಾಗಿಲ್ಲ. ಕಾತ್ಯಾಯಿನಿ ಮೇಡಂ ಬಾಗಿಲಿಗೆ ಬಂದು ಆಟೋದಲ್ಲಿ ಕುಳಿತವರನ್ನು ನೋಡಿದರು. ಒಳಗೆ ಹೋಗಿ ಆ ದಪ್ಪ ಪುಸ್ತಕವನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದು ಬಂದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಆಟೋದ ಸೀಟಿನ ಮೇಲೆ ಪುಸ್ತಕ ಇಟ್ಟು ಆ ನಾಲ್ಕು ಸಾಲನ್ನೂ ಓದಿದರು. ಯಜಮಾನರು ಎರಡನೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ಯಾವಾಗ ಬರ್ದಿದ್ದು?" ಎಂದು ಕೇಳಿದರು.

"ನಾನು ಬರೋದಕ್ಕಿಂತ ಮುಂಚೆ," ಎಂದರು ಮೇಡಂ. "ಮೂವತ್ತು ವರ್ಷದ ಮೇಲಾಯ್ತು."

"ಇನ್ನೊಂದು ಸಲ ಓದಿ."

ಓದಿದರು. ಯಜಮಾನರು ಮಸಿಯ ಬಣ್ಣ ನೋಡಿದರು. ಮೊದಲನೆಯ ಸಾಲು, ಎರಡನೆಯ ಸಾಲು ಎರಡನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಪುಸ್ತಕವನ್ನು ಮೇಡಂ ಕಡೆ ಸರಿಸಿ ರಸ್ತೆಯನ್ನು ನೋಡುತ್ತಾ ಕುಳಿತರು. ಮೇಡಂ ಪುಸ್ತಕ ಎತ್ತಿಕೊಂಡು ಒಳಗೆ ಹೋದರು, ರಹಮತಣ್ಣ ಡ್ರೈವರನ್ನು ಕರೆದುಕೊಂಡು ಅಂಗಡಿಯ ಕಡೆ ಹೋದರು. ಆಟೋದಲ್ಲಿ ನಾವಿಬ್ಬರೇ ಉಳಿದೆವು.

"ನನ್ಮೇಲೆ ಸಿಟ್ಟಿತ್ತಾ ನಿನಗೆ?" ಎಂದರು.

ಇಲ್ಲ ಎನ್ನಬಹುದಿತ್ತು. ಇಲ್ಲ ಎನ್ನುವುದೇ ಆ ಹೊತ್ತಿಗೆ ಸುಲಭವಾಗಿತ್ತು. ಆದರೆ ಒಂದು ಮಾತಿನಲ್ಲಿ ಅರ್ಧ ಮುಚ್ಚಿಟ್ಟರೆ ಏನಾಗುತ್ತದೆಂದು ಅವರ ಮಡಿಚಿದ ಪಂಚೆಯ ಖಾಲಿ ಜಾಗ ನನ್ನ ಎದುರಿಗೇ ತೋರಿಸುತ್ತಿತ್ತು.

"ಇತ್ತು," ಎಂದೆ. "ಹೊಡೆದಿದ್ದಕ್ಕೆ ಇತ್ತು. ಒಂದೊಂದು ದಿನ ನೀವು ಸತ್ತರೂ ಆಗಲಿ ಅನ್ನುವಷ್ಟು ಇತ್ತು. ಆವತ್ತು ಮಾತ್ರ ಇರಲಿಲ್ಲ. ಆ ಮೂವತ್ತೇಳು ದಿನ ಇರಲೇ ಇಲ್ಲ."

ಅವರು ಮಡಿಚಿದ ಪಂಚೆಯ ತುದಿ ಸರಿಮಾಡಿಕೊಂಡರು. ನಂಬಿದೆ ಎಂದೂ ಅನ್ನಲಿಲ್ಲ, ನಂಬಲಿಲ್ಲ ಎಂದೂ ಅನ್ನಲಿಲ್ಲ. ಆಟೋ ಮನೆಯ ಮುಂದೆ ನಿಂತಾಗ ರಹಮತಣ್ಣ ಎಂದಿನಂತೆ ಕಂಕುಳಿಗೆ ಕೈ ಕೊಡಲು ಬಗ್ಗಿದರು. ಯಜಮಾನರು ಬೇಡ ಎಂದು ಕೈ ಅಡ್ಡ ಮಾಡಿ, ನನ್ನ ಕಡೆಗೆ ಎರಡೂ ತೋಳು ಚಾಚಿದರು.

"ನೀನೇ ಎತ್ತು," ಎಂದರು.